ಪೊಟ್ಯಾಶ್ ಅಳೆಯುವ ಪರಟಿ

ಆಳಂದದ ನನ್ನ ಗೊಬ್ಬರದ ಅಂಗಡಿಗೆ ನೀವು ಎಂದಾದರೂ ಬಂದರೆ, ತಕ್ಕಡಿಯ ಪಕ್ಕದಲ್ಲಿ ಬಾಯಿ ತೆರೆದಿಟ್ಟ ಕೆಂಪು ಪೊಟ್ಯಾಶಿನ ಚೀಲದೊಳಗೆ ಅರ್ಧ ಹುಗಿದುಕೊಂಡು ಕೂತಿರುವ ತೆಂಗಿನ ಚಿಪ್ಪೊಂದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಚಿಪ್ಪಿಗೆ ನಮ್ಮ ಕಡೆ ಪರಟಿ ಎನ್ನುತ್ತಾರೆ. ಹೊರಮೈ ಸವೆದು ನುಣುಪಾಗಿದೆ, ಒಳಮೈಗೆ ಪೊಟ್ಯಾಶಿನ ಕೆಂಪು ಹತ್ತಿ ಎಷ್ಟು ತೊಳೆದರೂ ಹೋಗದಂತಾಗಿದೆ, ಅಂಚಿನಲ್ಲಿ ಒಂದು ಕಡೆ ಸಣ್ಣಗೆ ಒಡೆದಿದೆ. ಬಂದವರು ನಗುತ್ತಾರೆ. ಇಷ್ಟು ದೊಡ್ಡ ಅಂಗಡಿ ಇಟ್ಟುಕೊಂಡವನಿಗೆ ಒಂದು ಡಬ್ಬಿ ಸಿಗಲಿಲ್ಲವೇ ಎಂದು ಚೇಷ್ಟೆ ಮಾಡುತ್ತಾರೆ. ನನ್ನ ಹೆಂಡತಿಯಂತೂ ಇದನ್ನು ಒಲೆಗೆ ಹಾಕುವುದಾಗಿ ಹಲವು ಸಲ ಹೆದರಿಸಿದ್ದಾಳೆ, ಹಾಕಿಲ್ಲ. ಯಾಕೆ ಹಾಕಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ನಿಮಗೂ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹೊಲಕ್ಕೆ ಗೊಬ್ಬರ ಒಯ್ಯುವವರು ಕೇಳಲು ಬರುವುದಿಲ್ಲ, ಹೇಳಲು ಬರುತ್ತಾರೆ. ಭೂಸನೂರ ಕಡೆಯ ಕಬ್ಬಿನವರು ಗಾಡಿ ನಿಲ್ಲಿಸಿ, ಇಷ್ಟು ಯೂರಿಯಾ, ಇಷ್ಟು ಡಿಎಪಿ ಎಂದು ಹೇಳಿ, ನಾನು ಬಾಯಿ ತೆರೆಯುವುದರೊಳಗೆ ಚೀಲ ಹೊರಿಸಿಕೊಂಡು ಹೋಗಿರುತ್ತಾರೆ. ತೊಗರಿಯವರು, ಜೋಳದವರು ಕೂಡ ಹಾಗೆಯೇ. ಆದರೆ ಮನೆಯ ಹಿತ್ತಲಲ್ಲಿ ಒಂದೋ ಎರಡೋ ತೆಂಗಿನ ಗಿಡ ಇಟ್ಟುಕೊಂಡವನು ಬಂದನೆಂದರೆ ನನಗೆ ದೂರದಿಂದಲೇ ಗುರುತು ಹತ್ತುತ್ತದೆ. ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಾನೆ, ಗಿರಾಕಿಗಳೆಲ್ಲ ಕರಗಲಿ ಎಂದು ಕಾಯುತ್ತಾನೆ, ಆಮೇಲೆ ಮನೆಯ ಕಷ್ಟ ಹೇಳಿಕೊಳ್ಳುವ ದನಿಯಲ್ಲಿ ಶುರು ಮಾಡುತ್ತಾನೆ. ಮೊನ್ನೆ ಬಂದ ಗೌಡರೊಬ್ಬರು ಹಾಗೇ ಕೇಳಿದರು.

"ಹಿತ್ತಲದಾಗ ಒಂದು ಟೆಂಗಿನ ಗಿಡ ಅದರಿ. ಎಲಿ ನೋಡಿದ್ರ ದೃಷ್ಟಿ ಆಗೂ ಹಂಗ ಅದ. ಕಾಯಿ ಮಾತ್ರ ಒಂದೂ ಇಲ್ಲ. ಲಗೂನ ಕಾಯಿ ಬಿಡೂ ಅಂಥದ್ದು ಏನರೆ ಗೊಬ್ಬರ ಕೊಡ್ರಿ."

ಲಗೂನ ಎಂಬ ಆ ಮಾತು ಕೇಳಿದರೆ ನನಗೆ ಒಳಗೆಲ್ಲೋ ಚುರುಕ್ಕೆನ್ನುತ್ತದೆ. ಆದರೂ ವ್ಯಾಪಾರಿಯಾದವನು ಉತ್ತರ ಕೊಡಬೇಕಲ್ಲ, ಕೊಡುತ್ತೇನೆ. ಎಲೆಗೆ ಯೂರಿಯಾ, ಬೇರಿಗೆ ರಂಜಕ, ಕಾಯಿಗೆ ಪೊಟ್ಯಾಶ್. ತೆಂಗಿಗೆ ಹೆಚ್ಚು ಬೇಕಾದದ್ದು ಈ ಮೂರನೆಯದು, ನಮ್ಮ ಜನ ಹಾಕದೇ ಬಿಡುವುದೂ ಇದನ್ನೇ. ಮಳೆಗಾಲದ ಮುಂದೊಮ್ಮೆ, ಹಿಂದೊಮ್ಮೆ, ಕಳಿತ ತಿಪ್ಪೆಗೊಬ್ಬರದ ಜೊತೆಗೆ ಹಾಕಿ. ಬುಡಕ್ಕೆ ಸುರಿಯಬೇಡಿ, ಬುಡದಿಂದ ಒಂದು ಮಾರು ದೂರದಲ್ಲಿ ಸುತ್ತಲೂ ಗುಂಡಗೆ ತೋಡಿ, ಅದರಲ್ಲಿ ಹಾಕಿ ಮಣ್ಣು ಮುಚ್ಚಿ. ಗಿಡ ಉಣ್ಣುವುದು ಅಲ್ಲಿಂದ. ಇಷ್ಟು ಹೇಳಿ ಪರಟಿಯಿಂದ ಪೊಟ್ಯಾಶ್ ಅಳೆದು ಕಾಗದದ ಚೀಲಕ್ಕೆ ಹಾಕುತ್ತೇನೆ. ಇಷ್ಟೇ ವಿದ್ಯೆ. ಇಷ್ಟು ವಿದ್ಯೆ ನಮ್ಮ ಮನೆಗೆ ಬರಲು ಎಷ್ಟು ವರ್ಷ ಹಿಡಿಯಿತು, ಬಂದ ಮೇಲೂ ಅದು ಯಾವ ಕೆಲಸಕ್ಕೆ ಬಂತು ಎಂದು ನೆನೆದಾಗ ಮಾತ್ರ ಮನಸ್ಸು ಮುದುಡುತ್ತದೆ.

ನಮ್ಮದು ಅಫಜಲಪುರ ತಾಲೂಕಿನ ಮಣ್ಣೂರ, ಭೀಮಾ ನದಿಯ ದಂಡೆ. ನಮ್ಮ ಎರೆಮಣ್ಣಿನ ಸ್ವಭಾವ ಬಲ್ಲವರಿಗೆ ಹೇಳಬೇಕಿಲ್ಲ. ಮಳೆ ಬಂದರೆ ಕಾಲು ಹಿಡಿದು ಬಿಡುವುದಿಲ್ಲ, ಬಿಸಿಲು ಬಂದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಜೋಳಕ್ಕೆ ಅದು ತಾಯಿ, ತೆಂಗಿಗೆ ಮಲತಾಯಿ. ಹೀಗಾಗಿ ನಮ್ಮಲ್ಲಿ ತೆಂಗು ಎಂದರೆ ತೋಟವಲ್ಲ, ಅತಿಥಿ. ಎಲ್ಲೋ ಒಂದು ಮನೆಯ ಬಚ್ಚಲ ನೀರು ಹರಿದು ಹೋಗುವ ಕಡೆ ಒಂದು ಗಿಡ ಇದ್ದರೆ ಆ ಮನೆಗೇ ಅದು ಗುರುತು, ದಾರಿ ಕೇಳಿದವರಿಗೆ ಟೆಂಗಿನ ಗಿಡದವರ ಮನೆ ಎಂದು ಹೇಳಿ ಕಳಿಸುತ್ತಾರೆ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲದಲ್ಲಿ ನಮ್ಮ ಮನೆಗೂ ಅಂಥ ಒಂದು ಗುರುತು ಬಂತು. ಅದನ್ನು ತಂದವಳು ನನ್ನ ಅಕ್ಕ, ನೀಲಕ್ಕ.

ನೀಲಕ್ಕನನ್ನು ಜೇವರ್ಗಿಗೆ ಕೊಟ್ಟಿತ್ತು. ಮಾಮಾ, ಅಂದರೆ ಅವಳ ಗಂಡ, ಸಂಕೋಚದ ಮನುಷ್ಯ. ನಮ್ಮ ಮನೆಗೆ ಬಂದರೆ ತಾಟಿನಲ್ಲಿ ಎರಡನೆಯ ರೊಟ್ಟಿ ಬೀಳುವ ಮುಂಚೆಯೇ ಸಾಕೆಂದು ಕೈ ಅಡ್ಡ ಹಿಡಿಯುತ್ತಿದ್ದ. ಮದುವೆಯಾಗಿ ವರ್ಷ ತುಂಬುತ್ತಲೂ ಕಾಮಾಲೆಯಾಗಿ ತೀರಿಕೊಂಡ. ಅವರ ಹೊಲದಲ್ಲೇ ಮಣ್ಣು ಮಾಡಿ ಗದ್ದಿಗೆ ಕಟ್ಟಿದರು. ಅಕ್ಕ ಅಲ್ಲಿಯೇ ಇರಲಿ ಎಂದು ಅವಳ ಅತ್ತೆ ಸಂಗವ್ವ ಕೇಳಿದಳು, ಕಣ್ಣೀರು ಹಾಕಿದಳು. ಮಗಳು ಇಷ್ಟು ಸಣ್ಣ ವಯಸ್ಸಿನಲ್ಲಿ ಆ ಮನೆಯಲ್ಲಿ ಕೂತು ಯಾರ ಮುಖ ನೋಡಬೇಕು ಎಂದು ನಮ್ಮಪ್ಪ ಹಟ ಹಿಡಿದು ಕರೆದುಕೊಂಡು ಬಂದ. ಇಬ್ಬರದೂ ಪ್ರೀತಿಯೇ, ಇಬ್ಬರದೂ ಹಟವೇ. ಅಕ್ಕ ನಡುವೆ ನಿಂತಿದ್ದಳು.

ಮದುವೆಯಲ್ಲಿ ಪೂಜೆಗಿಟ್ಟ ಕಲಶದ ಕಾಯಿಗಳಲ್ಲಿ ಒಂದನ್ನು ಸಂಗವ್ವ ಒಡೆಯದೇ ಎತ್ತಿಟ್ಟಿದ್ದಳು. ಅದು ಮೊಳಕೆ ಬಿಟ್ಟು, ಅಂಗಳದ ಮೂಲೆಯಲ್ಲಿ ಎರಡೆಲೆಯ ಸಸಿಯಾಗಿತ್ತು. ಹೊರಡುವಾಗ ಅಕ್ಕ ಅದನ್ನು ಕೇಳಿ ಇಸಿದುಕೊಂಡಳು. ಬಸ್ಸಿಗೆ ಹತ್ತಿಸಲು ಬಂದ ಅತ್ತೆಗೆ ಎಲ್ಲರ ಎದುರು ಒಂದು ಮಾತು ಕೊಟ್ಟಳು.

"ಇದರ ಮೊದಲನೇ ಕಾಯಿ ಅವರ ಗದ್ದಿಗಿಗೇ ಒಡೀತೇನಿ. ತಗೊಂಡು ನಾನೇ ಬರ್ತೇನ್ರಿ ಅತ್ತಿ."

"ಬಾ ನನ್ನವ್ವ. ಹಾದಿ ನೋಡ್ತಿರ್ತೇನಿ," ಎಂದಳಂತೆ ಸಂಗವ್ವ.

ಅಷ್ಟೇ ಆದದ್ದು. ಆದರೆ ನಮ್ಮ ಕಡೆಯವರಿಗೆ ಮಾತು ಎಂದರೆ ಏನೆಂದು ನಿಮಗೆ ಗೊತ್ತಿದ್ದರೆ, ಮುಂದಿನದನ್ನು ನೀವೇ ಊಹಿಸಬಹುದು. ಮೊದಲನೇ ಕಾಯಿ ತೆಗೆದುಕೊಂಡು ಬರುತ್ತೇನೆ ಎಂದವಳು ಕಾಯಿ ಇಲ್ಲದೇ ಹೇಗೆ ಹೋದಾಳು? ಅದರ ಮೇಲೆ ಬೀಗರ ಮನೆಗೆ ಖಾಲಿ ಕೈಯಲ್ಲಿ ಹೋಗುವುದೆಂದರೆ ನಮ್ಮಲ್ಲಿ ಹೋಗದೇ ಇರುವುದಕ್ಕಿಂತ ಹೆಚ್ಚಿನ ಅಪಮಾನ. ಹೀಗೆ, ಪ್ರೀತಿಯಿಂದ ಆಡಿದ ಒಂದು ಮಾತು, ಯಾರೂ ಬಯಸದೆ, ಯಾರೂ ಗಮನಿಸದೆ, ಜೇವರ್ಗಿಯ ದಾರಿಗೆ ಅಡ್ಡ ಬಿದ್ದ ಅಗಳಿಯಾಯಿತು. ಅದನ್ನು ತೆಗೆಯುವ ಅಧಿಕಾರ ಆ ಪುಟ್ಟ ಗಿಡದ ಕೈಗೆ ಹೋಯಿತು. ಗಿಡಕ್ಕೆ ಇದು ಗೊತ್ತಿರಲಿಲ್ಲ. ಅದು ತನ್ನ ಪಾಡಿಗೆ ವರ್ಷಕ್ಕೆ ಕೆಲವು ಗರಿಗಳಂತೆ ಸಾವಕಾಶ ಬೆಳೆಯುತ್ತಿತ್ತು.

ಬೆಳೆಯಲು ನಾವು ಬಿಟ್ಟರೆ ತಾನೆ. ಅಕ್ಕ ಜೇವರ್ಗಿಯ ಮಾತು ಎತ್ತುತ್ತಿರಲಿಲ್ಲ, ಆದರೆ ದಿನಾ ಬೆಳಿಗ್ಗೆ ಗಿಡದ ಮುಂದೆ ನಿಂತು ಅದರ ನೆತ್ತಿಯನ್ನು ನೋಡುತ್ತಿದ್ದಳು. ಆ ನೋಟವನ್ನು ಮನೆಯವರೆಲ್ಲ ನೋಡುತ್ತಿದ್ದರು. ಯಾರೂ ಅವಳೊಡನೆ ಆ ಬಗ್ಗೆ ಮಾತಾಡಲಿಲ್ಲ. ಬದಲಿಗೆ ಒಬ್ಬೊಬ್ಬರೂ ತಮತಮಗೆ ತೋಚಿದ್ದನ್ನು ತಂದು, ಇನ್ನೊಬ್ಬರಿಗೆ ಹೇಳದೆ, ಗಿಡದ ಬುಡಕ್ಕೆ ಹಾಕತೊಡಗಿದರು.

ಅವ್ವನದು ಉಪ್ಪು. ತೆಂಗು ಸಮುದ್ರದ ದಂಡೆಯಲ್ಲಿ ಬೆಳೆಯುತ್ತದೆ, ಸಮುದ್ರದ ನೀರು ಉಪ್ಪು, ಆದ್ದರಿಂದ ತೆಂಗಿಗೆ ಉಪ್ಪು ಬೇಕು ಎಂಬುದು ಅವಳ ತರ್ಕ. ಜನ್ಮದಲ್ಲಿ ಸಮುದ್ರ ಕಾಣದವಳು ಸಮುದ್ರವನ್ನೇ ಹಿತ್ತಲಿಗೆ ತರಲು ಹೊರಟಿದ್ದಳು. ಪ್ರತಿ ಸೋಮವಾರ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿದ ಮೇಲೆ ಹರಳುಪ್ಪು ಒಂದು ಹಿಡಿ ಬೀಳುತ್ತಿತ್ತು. ಯಾವುದೋ ಕೆಂಪು ಮಣ್ಣಿನ ಸೀಮೆಯಲ್ಲಿ ಅದು ನಡೆಯಬಹುದು. ನಮ್ಮ ಎರೆಮಣ್ಣಿಗೆ ಉಪ್ಪು ಬಿದ್ದರೆ ಅದು ಮತ್ತಷ್ಟು ಬಿಗಿದುಕೊಂಡು, ನೀರು ಕೆಳಗಿಳಿಯದೆ ಮೇಲೆಯೇ ನಿಲ್ಲುತ್ತದೆ. ಬಚ್ಚಲ ನೀರು ನಿಂತು ಪಾಚಿಗಟ್ಟಿದಾಗ ಅವ್ವ, ಗಿಡ ಕುಡಿದು ತಣಿದಿದೆ, ಸಾಕೆನ್ನುತ್ತಿದೆ ಎಂದಳು.

ಅಪ್ಪನಿಗೆ ತಿಪ್ಪೆಗೊಬ್ಬರವೊಂದೇ ಗೊಬ್ಬರ. ಉಳಿದದ್ದೆಲ್ಲ ಸರಕಾರಿ ಗೊಬ್ಬರ. ಅಂಗಡಿಯಲ್ಲಿ ಚೀಲದಲ್ಲಿ ಸಿಗುವುದಕ್ಕೆಲ್ಲ ನಮ್ಮ ಹಿರಿಯರು ಇಟ್ಟ ಹೆಸರು ಅದು, ಹೊಗಳಿಕೆಯ ಹೆಸರೇನಲ್ಲ. ಅವನ ನಂಬಿಕೆಯಲ್ಲಿ ತಪ್ಪಿರಲಿಲ್ಲ, ಅವಸರದಲ್ಲಿತ್ತು. ಕಳಿಯುವ ತನಕ ಕಾಯದೆ ಹಸಿ ಸಗಣಿಯನ್ನೇ ಬುಟ್ಟಿಗಟ್ಟಲೆ ತಂದು ಬುಡಕ್ಕೆ ಒಟ್ಟಿದ. ಹಸಿ ತಿಪ್ಪೆಯಲ್ಲಿ ಮರಿ ಮಾಡುವ ಕೊಂಬಿನ ದುಂಬಿಗೆ ಅದು ಕರೆಯೋಲೆಯಾಯಿತು. ಮುಂದಿನ ಮಳೆಗಾಲಕ್ಕೆ ಹೊಸ ಗರಿಗಳು ಬಿಚ್ಚಿಕೊಂಡಾಗ, ಕತ್ತರಿ ಹಿಡಿದು ಕತ್ತರಿಸಿದಂತೆ ಮೂಲೆಮೂಲೆಯಾಗಿ ಬಂದವು. ಅಕ್ಕ ಅಂದು ಊಟ ಮಾಡಲಿಲ್ಲ. ಅಪ್ಪ ದುಂಬಿಯನ್ನು ತಂತಿಯಿಂದ ಚುಚ್ಚಿ ತೆಗೆಯುತ್ತ ಇಡೀ ಮಧ್ಯಾಹ್ನ ಗಿಡದ ಬಳಿ ಕಳೆದ. ಮಗಳ ಎದುರು ಬರಲು ಅವನಿಗೆ ಮುಖವಿರಲಿಲ್ಲ.

ಇನ್ನು ಬಸಣ್ಣ ಕಾಕಾ. ನಮ್ಮಪ್ಪನ ತಮ್ಮ, ಭೂಸನೂರಿನಲ್ಲಿ ಹೆಂಡತಿಯ ತವರಿನ ಹೊಲ ನೋಡಿಕೊಂಡು ಕಬ್ಬು ಬೆಳೆಯುತ್ತಿದ್ದವನು. ಕಬ್ಬಿನವರ ಕಣ್ಣಿಗೆ ಭೂಮಿಯ ಮೇಲಿನ ಹಸಿರೆಲ್ಲ ಕಬ್ಬೇ. ಬಂದಾಗಲೆಲ್ಲ ರುಮಾಲಿನ ತುದಿಯಲ್ಲಿ ಯೂರಿಯಾ ಕಟ್ಟಿಕೊಂಡು ಬರುತ್ತಿದ್ದ. ಕೆಲವು ಸಲ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಕಪ್ಪು ಮಡ್ಡಿಯನ್ನೂ ಚೀಲದಲ್ಲಿ ತರುತ್ತಿದ್ದ. ಅಪ್ಪ ಹೊಲಕ್ಕೆ ಹೋದ ಸಮಯ ನೋಡಿ ಎಲ್ಲವನ್ನೂ ಹಾಕಿ ಮುಚ್ಚಿ, ಏನೂ ಅರಿಯದವನಂತೆ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಒಮ್ಮೆ ನನ್ನ ಕಣ್ಣಿಗೆ ಬಿದ್ದಾಗ, "ನಿಮ್ಮಪ್ಪಗ ಹೇಳಬ್ಯಾಡಪಾ. ನಮ್ಮ ನೀಲಾ ಜಲ್ದಿ ಒಂದು ಸಲ ಹೋಗಿ ಬರಲಿ ಅಂತ ಮಾಡಾಕತ್ತೇನಿ," ಎಂದು ಮೆಲ್ಲಗೆ ಹೇಳಿದ. ಅದನ್ನು ಅಕ್ಕನಿಗೇ ಹೇಳಿದ್ದರೆ, ಕೈ ಹಿಡಿದು ಎಬ್ಬಿಸಿ ಬಸ್ಸಿಗೆ ಹತ್ತಿಸಿದ್ದರೆ ಎಂದು ಈಗ ಅನಿಸುತ್ತದೆ.

ಗಿಡ ಎಲ್ಲವನ್ನೂ ಉಂಡಿತು. ದುಂಬಿಯ ಕಾಟ ಕಳೆದ ಮೇಲೆ ಯೂರಿಯಾದ ಮಹಿಮೆಯಿಂದ ಅದು ಕಪ್ಪು ಹಸಿರಾಗಿ, ದಪ್ಪ ದಪ್ಪ ಗರಿಗಳನ್ನು ಚಾಚಿ ನಮ್ಮ ಮಾಳಿಗೆಯ ಮೇಲೆಲ್ಲ ನೆರಳು ಹರಡಿತು. ಊರ ಜನ ನಿಂತು ನೋಡಿ ಹೊಗಳುತ್ತಿದ್ದರು. ಕಾಯಿ ಬಿಡುವ ವಯಸ್ಸು ಬಂತು, ಆ ವಯಸ್ಸು ದಾಟಿಯೂ ಹೋಯಿತು, ಹೊಂಬಾಳೆಯ ಸುಳಿವಿಲ್ಲ. ತಿನ್ನಲು ಕೊಟ್ಟದ್ದೆಲ್ಲ ಎಲೆಗೇ ಹೋದರೆ ಗಿಡ ಬೇರೆ ಏನು ಮಾಡೀತು? ಅದಕ್ಕೆ ಕಾಯಿ ಬಿಡುವ ಅಗತ್ಯವೇ ಕಾಣಲಿಲ್ಲ.

ಈ ವರ್ಷಗಳಲ್ಲಿ ಜೇವರ್ಗಿ ಎಲ್ಲಿಗೂ ಹೋಗಿರಲಿಲ್ಲ, ಇದ್ದಲ್ಲೇ ಇತ್ತು. ಬೆಳಿಗ್ಗೆ ಅಫಜಲಪುರದ ಬಸ್ಸು ಹಿಡಿದು, ಗುಲಬರ್ಗಾದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಸಂತೆಗೆಂದೋ ಕೋರ್ಟಿಗೆಂದೋ ನಮ್ಮೂರಿನವರು ಆ ಕಡೆ ಹೋಗಿ ಬರುತ್ತಲೇ ಇದ್ದರು. ಸಂಗವ್ವ ಅವರನ್ನು ಕರೆದು ನೀರು ಬೆಲ್ಲ ಕೊಟ್ಟು ಮಾತಾಡಿಸುತ್ತಿದ್ದಳು. ಅವಳು ಕಳಿಸುತ್ತಿದ್ದ ಪ್ರಶ್ನೆ ಯಾವಾಗಲೂ ಒಂದೇ: ಗಿಡ ಹ್ಯಾಂಗದ? ಅಕ್ಕ ಕಳಿಸುತ್ತಿದ್ದ ಉತ್ತರವೂ ಒಂದೇ: ಚಲೋ ಅದ, ಈ ವರ್ಷ ಬಿಡಬಹುದು. ಒಬ್ಬಳು ಮಗನನ್ನು ಕಳೆದುಕೊಂಡವಳು, ಇನ್ನೊಬ್ಬಳು ಗಂಡನನ್ನು. ಒಬ್ಬರನ್ನೊಬ್ಬರು ಹೇಗಿದ್ದೀ ಎಂದು ಕೇಳುವ ಧೈರ್ಯ ಸಾಲದೆ ಇಬ್ಬರೂ ಗಿಡದ ಆರೋಗ್ಯ ವಿಚಾರಿಸಿಕೊಳ್ಳುತ್ತಿದ್ದರು. ನಾವೆಲ್ಲ ಹಾಗೆಯೇ ಅಲ್ಲವೇ? ಹೇಳಬೇಕಾದದ್ದನ್ನು ಹೇಳಲಾಗದೆ ಮಳೆಯ ಬಗ್ಗೆ, ಬೆಳೆಯ ಬಗ್ಗೆ, ಊಟವಾಯಿತೇ ಎಂಬುದರ ಬಗ್ಗೆ ಮಾತಾಡುತ್ತೇವೆ. ಕೇಳುವವರಿಗೆ ಅರ್ಥವಾಗುತ್ತದೆ ಎಂದುಕೊಳ್ಳುತ್ತೇವೆ. ಅರ್ಥವಾಗುತ್ತದೆ ಕೂಡ. ಆದರೆ ಅರ್ಥವಾಗುವುದು ಬೇರೆ, ಎದುರು ಬಂದು ಕೂಡುವುದು ಬೇರೆ.

ಅಕ್ಕನ ಮೈದುನ ಶರಣಪ್ಪನ ಮದುವೆಗೆ ಕರೆಯಲು ಜೇವರ್ಗಿಯಿಂದ ಹಿರಿಯರೇ ಬಂದರು. ಅಕ್ಕ ಬಂದವರಿಗೆ ಹೋಳಿಗೆ ಮಾಡಿ ಬಡಿಸಿದಳು, ಹೊಸ ಸೀರೆಯನ್ನೂ ತೆಗೆದಿಟ್ಟುಕೊಂಡಳು, ಹೊರಡುವ ಬೆಳಿಗ್ಗೆ ಹಿತ್ತಲಿಗೆ ಹೋಗಿ ಬಂದವಳು ಸೀರೆ ಮಡಚಿ ಪೆಟ್ಟಿಗೆಯಲ್ಲಿಟ್ಟಳು.

"ಖಾಲಿ ಕೈಲೆ ಹೋಗಿ ಅತ್ತಿ ಮುಂದ ಹ್ಯಾಂಗ ನಿಂದ್ರಲಿ? ನೀವು ಹೋಗಿ ಬರ್ರಿ," ಎಂದಳು.

ಅವ್ವ ಒತ್ತಾಯ ಮಾಡಲಿಲ್ಲ. ಮಾತು ಉಳಿಸಿಕೊಳ್ಳುವ ಮಗಳೆಂದು ಒಳಗೊಳಗೆ ಹೆಮ್ಮೆಯೇ ಆಗಿರಬೇಕು. ನಮ್ಮ ಮನೆಯಲ್ಲಿ ಎಲ್ಲರಿಗೂ ಆ ಹೆಮ್ಮೆಯಿತ್ತು, ನನಗೂ ಇತ್ತು. ಅಂಥ ಹೆಮ್ಮೆ ಯೂರಿಯಾದ ಹಾಗೆಯೇ, ನೋಡಲು ಬಹಳ ಹಸಿರು.

ಎಂಬತ್ತರ ದಶಕದ ನಡುವಿನಲ್ಲಿ ನಾನು ಆಳಂದಕ್ಕೆ ಬಂದು ಒಂದು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ, ಮುಂದೆ ಅದನ್ನೇ ನಡೆಸುವಂತಾದೆ. ಯಾವ ಚೀಲದಲ್ಲಿ ಏನಿದೆ, ಯಾವುದು ಯಾವುದಕ್ಕೆ ಎಂಬುದು ನನಗೆ ತಿಳಿದದ್ದು ಅಲ್ಲಿ. ತಿಳಿದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಮಣ್ಣೂರಿಗೆ ಪೊಟ್ಯಾಶ್ ಒಯ್ದದ್ದು. ಅವ್ವನ ಉಪ್ಪಿನ ಗಡಿಗೆಗೆ ಮುಚ್ಚಳ ಹಾಕಿಸಿದೆ, ಕಾಕಾನ ರುಮಾಲನ್ನು ಝಾಡಿಸಿದೆ, ನಿಂತ ನೀರಿಗೆ ಕಾಲುವೆ ತೋಡಿದೆ. ಬುಡ ಬಿಟ್ಟು ದೂರದಲ್ಲಿ ಗುಂಡಗೆ ತೋಡಿ ಕೆಂಪು ಗೊಬ್ಬರ ಹಾಕಿದಾಗ ಅಪ್ಪನಿಗೆ ನಂಬಿಕೆ ಬರಲಿಲ್ಲ. ಹಸಿದವನ ಬಾಯಿಗೆ ಹಾಕುವುದು ಬಿಟ್ಟು ಊರಾಚೆ ಊಟ ಬಡಿಸಿದ ಹಾಗಾಯಿತಲ್ಲೋ ಎಂದ. ಅವನ ಅನುಮಾನ ಸಹಜವೇ. ಯಾರ ಮೇಲೆ ಪ್ರೀತಿಯೋ ಅವರ ಬುಡದಲ್ಲೇ ಎಲ್ಲವನ್ನೂ ಸುರಿಯಬೇಕೆಂದು ನಮಗೆ ಅನ್ನಿಸುತ್ತದೆ.

ಎರಡು ಮಳೆಗಾಲ ಕಳೆಯುವುದರೊಳಗೆ ಹೊಂಬಾಳೆ ಬಿಚ್ಚಿತು. ಅಂದು ಅಕ್ಕ ಇಡೀ ಓಣಿಗೆ ಸಕ್ಕರೆ ಹಂಚಿದಳು. ಮೊದಲ ಗೊನೆಯ ಹರಳುಗಳೆಲ್ಲ, ಆ ಗೋಲಿಯಷ್ಟಿನ ಎಳೆಗಾಯಿಗಳೆಲ್ಲ, ಉದುರಿದವು. ಉದುರಿದ್ದನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಅವಳು ಕೂತಿದ್ದುದನ್ನು ನೋಡಲಾಗಲಿಲ್ಲ. ಮರುವರ್ಷ ಕೆಲವು ಕಾಯಿ ನಿಂತವು. ಅಂಥ ಕಾಯಿ ಬಲಿತು ಒಡೆಯಲು ಬರಬೇಕಾದರೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಬರುವ ಎಳ್ಳಮಾವಾಸ್ಯೆಗೆ ಸರಿಹೋಗುತ್ತದೆ ಎಂದು ಅಕ್ಕ ಲೆಕ್ಕ ಹಾಕಿದಳು. ನಿಮಗೆ ಗೊತ್ತಲ್ಲ, ಆ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆರೊಟ್ಟಿ, ಭಜ್ಜಿಪಲ್ಲೆ, ಕಡಬು ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಅದರ ಪಾಲಿನ ಚರಗ ಚೆಲ್ಲಿ, ಹೊಲದಲ್ಲಿ ಮಲಗಿದ ಹಿರಿಯರ ಗದ್ದಿಗೆಗೆ ಎಡೆ ಹಿಡಿದು, ಅಲ್ಲೇ ಕೂತು ಉಣ್ಣುತ್ತೇವೆ. ಆ ದಿನವೇ ಕಾಯಿ ಒಡೆಯಬೇಕು, ಆ ದಿನವೇ ಅತ್ತೆಯ ಕೈಯಿಂದ ಒಂದು ರೊಟ್ಟಿ ತಿನ್ನಬೇಕು ಎಂದು ಅವಳ ಆಸೆ. ಜೇವರ್ಗಿಗೆ ಸುದ್ದಿಯೂ ಹೋಯಿತು.

ದೀಪಾವಳಿಯ ಮುಂದೆ ಶರಣಪ್ಪನಿಂದ ಒಂದು ಮಾತು ಬಂತು. ಸಂಗವ್ವನಿಗೆ ಮೈಯಲ್ಲಿ ಆರಾಮಿಲ್ಲ, ಹಾಸಿಗೆ ಹಿಡಿದಿದ್ದಾಳೆ, ವೈನಿ ಬಂದು ಹೋಗಲಿ. ಅಪ್ಪ ಮೊದಲ ಸಲ ಬಾಯಿ ಬಿಟ್ಟು ಹೇಳಿದ.

"ನಡೀ ಮಗಳ, ಇವತ್ತೇ ಹೋಗೂಣು. ಕಾಯಿ ಹಿಂದಿಂದ ಒಯ್ದರಾಯ್ತು."

ಅಕ್ಕ ಹಿತ್ತಲಿಗೆ ಹೋಗಿ ಮೇಲೆ ನೋಡಿದಳು. ಕಾಯಿ ಇನ್ನೂ ಎಳನೀರಿನ ಹಂತದಲ್ಲಿತ್ತು, ಗದ್ದಿಗೆಗೆ ಒಡೆಯುವಂಥದ್ದಲ್ಲ.

"ಇಷ್ಟು ವರ್ಷ ಕಾದೇನಿ ಅಪ್ಪಾ. ಇನ್ನೊಂದು ಚೂರು. ಬಲಿತ ಕಾಯಿ ಆಕಿ ಕೈಯಾಗೇ ಕೊಡ್ತೇನಿ. ಅದನ್ನ ನೋಡಿದ್ರ ಆಕಿ ಎದ್ದು ಕೂಡ್ತಾಳ."

ಅವಳು ಅದನ್ನು ನಿಜವಾಗಿಯೂ ನಂಬಿದ್ದಳು. ಅವಳ ಮುಖ ನೋಡಿದ ನಾವೂ ನಂಬಿದೆವು. ದೀಪಾವಳಿ ಮುಗಿಯಿತು, ಜೋಳ ಮೊಣಕಾಲೆತ್ತರ ಬಂತು, ಕಾಯಿಯ ಸಿಪ್ಪೆ ಇನ್ನೇನು ಬಣ್ಣ ತಿರುಗಬೇಕು ಎನ್ನುವಾಗ ಒಂದು ಬೆಳಿಗ್ಗೆ ಜೇವರ್ಗಿಯಿಂದ ಆಳು ಬಂದ. ಬಾಗಿಲಲ್ಲಿ ನಿಂತು ಅವನು ಚಪ್ಪಲಿ ಬಿಡದೇ ಇದ್ದದ್ದನ್ನು ನೋಡಿಯೇ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ನಾವು ತಲುಪಿದಾಗ ಮಣ್ಣು ಕೊಟ್ಟು ಆಗಿತ್ತು. ಮಗನ ಗದ್ದಿಗೆಯ ಪಕ್ಕದಲ್ಲೇ ತಾಯಿಯದು, ಹಸಿ ಮಣ್ಣಿನ ಗುಡ್ಡೆ, ಮೇಲೆ ಬಿಲ್ವಪತ್ರೆ. ಬರುವಾಗ ಅಕ್ಕ ಅರೆಬಲಿತ ಕಾಯಿಯನ್ನೇ ಕೀಳಿಸಿ ತಂದಿದ್ದಳು. ಅದನ್ನು ಮಡಿಲಲ್ಲಿಟ್ಟುಕೊಂಡು ಎರಡು ಗದ್ದಿಗೆಗಳ ನಡುವೆ ಕೂತಳು. ಅವಳು ಅಳಲಿಲ್ಲ. ಅತ್ತಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು. ಕಾಯಿಯ ಮೇಲೆ ಕೈಯಾಡಿಸುತ್ತ, ತಡಾ ಆತ್ರಿ ಅತ್ತಿ, ಭಾಳ ತಡಾ ಆತು ಎಂದಷ್ಟೇ ಹೇಳುತ್ತಿದ್ದಳು.

ಶರಣಪ್ಪನ ಹೆಂಡತಿ ಅವಳನ್ನು ಎಬ್ಬಿಸಿ ಮನೆಗೆ ಕರೆತಂದಳು. ನೀರು ಕೊಟ್ಟಳು. ಆಮೇಲೆ ಒಳಕೋಣೆಯ ನಾಗೊಂದಿಗೆಯ ಮೇಲೆ ಕೈಚಾಚಿ ಒಂದು ಬುಟ್ಟಿ ಇಳಿಸಿ ಅಕ್ಕನ ಮುಂದಿಟ್ಟಳು. ಅದರ ತುಂಬ ತೆಂಗಿನಕಾಯಿ. ಕೆಲವು ಇತ್ತೀಚಿನವು, ಹೆಚ್ಚಿನವು ಹಳೆಯವು. ಜುಟ್ಟಿನ ನಾರು ಬೂದಿಬಣ್ಣಕ್ಕೆ ತಿರುಗಿದವು.

"ಪ್ರತಿ ಎಳ್ಳಮಾಸಿಗಿ ನಮ್ಮತ್ತಿ ಪ್ಯಾಟ್ಯಾಗ ಎರಡು ಕಾಯಿ ತಗೋತಿದ್ದರಕ್ಕಾ. ಒಂದು ಗದ್ದಿಗಿಗೆ ಒಡೀತಿದ್ದರು. ಇನ್ನೊಂದು ಒಡೀಲಾರದೇ ಹೊಳ್ಳಿ ತರ್ತಿದ್ದರು. ಯಾಕ್ರಿ ಅಂತ ಕೇಳಿದೆ. ನಮ್ಮ ನೀಲಾ ಖಾಲಿ ಕೈಲೆ ಬಂದ್ರೂ ಬರಬಹುದು, ಅವತ್ತ ಆಕಿ ಕೈಗೆ ಕೊಡಾಕ ಒಂದು ಕಾಯಿ ಬೇಕಲ್ಲ ಅಂತಿದ್ದರು."

ಅಕ್ಕ ಬುಟ್ಟಿಯಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ನೀರು ಬತ್ತಿ ಒಳಗಿನದು ಗಟ್ಟಿ ಕೊಬ್ಬರಿಯಾಗಿತ್ತು. ಗಡಗಡ ಸದ್ದು ಮಾಡಿತು. ಆಗ ಅವಳು ಅತ್ತಳು. ಆ ಮನೆಯಲ್ಲಿ ಅಂದು ಅತ್ತವರಲ್ಲಿ ನಾನೂ ಒಬ್ಬ, ನಮ್ಮಪ್ಪನೂ ಒಬ್ಬ.

ಎಳ್ಳಮಾವಾಸ್ಯೆಯ ತನಕ ಅವಳು ಅಲ್ಲೇ ಉಳಿದಳು. ಆ ದಿನ ನಾನೂ ಹೋಗಿದ್ದೆ. ನಮ್ಮ ಗಿಡದ ಕಾಯಿಯನ್ನು, ಅರೆಬಲಿತದ್ದನ್ನೇ, ಅತ್ತೆಯ ಗದ್ದಿಗೆಗೆ ಒಡೆದಳು. ಅತ್ತೆ ಎತ್ತಿಟ್ಟ ಹಳೆಯ ಕಾಯಿಯೊಂದನ್ನು ಗಂಡನ ಗದ್ದಿಗೆಗೆ. ಹಳೆಯ ಕಾಯಿ ಒಡೆದಾಗ ಕೊಬ್ಬರಿ ಚಿಪ್ಪಿಗೆ ಅಂಟಿಕೊಳ್ಳದೆ ಇಡಿಯಾಗಿ ಹೊರಬಂತು. ಅದನ್ನು ಜಜ್ಜಿ ಬೆಲ್ಲದ ಜೊತೆ ಎಲ್ಲರ ಕೈಗೂ ಹಾಕಿದಳು. ವರ್ಷಗಟ್ಟಲೆ ಕಾದ ಕೊಬ್ಬರಿ ಸ್ವಲ್ಪ ಮುಗ್ಗಲಾಗಿತ್ತು. ಯಾರೂ ಉಗುಳಲಿಲ್ಲ. ಆ ಹಳೆಯ ಕಾಯಿಯ ಎರಡು ಪರಟಿಗಳಲ್ಲಿ ಒಂದನ್ನು ನಾನು ಅಂಗಿಯ ಕಿಸೆಗೆ ಹಾಕಿಕೊಂಡೆ, ಯಾಕೆಂದು ಆಗ ನನಗೇ ಗೊತ್ತಿರಲಿಲ್ಲ.

ಈಗ ಮಣ್ಣೂರಿನ ಗಿಡ ಗೊನೆಗೊನೆಯಾಗಿ ಕಾಯಿ ಬಿಡುತ್ತದೆ. ತಡವಾಗಿ ಬಂದದ್ದರ ನಾಚಿಕೆಯೋ ಎಂಬಂತೆ ಬಿಟ್ಟೇ ಬಿಡುತ್ತದೆ. ಅಕ್ಕ ಅದರ ಕಡೆ ಹೆಚ್ಚು ನೋಡುವುದಿಲ್ಲ. ಓಣಿಯವರು ಯಾರು ಬೇಕಾದರೂ ಕಿತ್ತುಕೊಂಡು ಹೋಗುತ್ತಾರೆ. ವರ್ಷಕ್ಕೆ ನಾಲ್ಕಾರು ಸಲ ಅವಳು ಜೇವರ್ಗಿಗೆ ಹೋಗುತ್ತಾಳೆ. ಶರಣಪ್ಪನ ಮಕ್ಕಳಿಗೆ ದೊಡ್ಡವ್ವ ಎಂದರೆ ಪ್ರಾಣ. ಬಸ್ಸಿಗೆ ಹತ್ತುವಾಗ ಅವ್ವ ಏನಾದರೂ ಕಟ್ಟಿಕೊಡಲು ಹೋದರೆ, ಒಂದು ಹಣ್ಣನ್ನಾಗಲಿ, ಕಾಯಿಯನ್ನಾಗಲಿ ಮುಟ್ಟುವುದಿಲ್ಲ.

"ಬ್ಯಾಡಬೇ ಯವ್ವಾ. ಖಾಲಿ ಕೈಲೇ ಹೋಗ್ತೇನಿ," ಎನ್ನುತ್ತಾಳೆ, ಹೇಳಿದ ಹಾಗೆ ಕೈ ಬೀಸಿಕೊಂಡು ಹೋಗುತ್ತಾಳೆ.

ಮೊನ್ನೆಯ ಗೌಡರಿಗೆ ನಾನು ಪರಟಿಯಿಂದ ಪೊಟ್ಯಾಶ್ ಅಳೆದು ಕೊಟ್ಟೆ. ಯೂರಿಯಾ ನಿಲ್ಲಿಸಿ, ದೂರದಲ್ಲಿ ತೋಡಿ ಹಾಕಿ ಎಂದು ಎಲ್ಲ ಹೇಳಿದೆ. ಕಾಗದದ ಚೀಲ ಕೈಗೆ ತೆಗೆದುಕೊಂಡು ಅವರು ಮೆಟ್ಟಿಲಿಳಿಯುವಾಗ, ಅವಸರ ಯಾಕೆ, ಕಾಯಿ ಎಲ್ಲಿಗಾದರೂ ಒಯ್ಯಬೇಕೇ ಎಂದು ಸುಮ್ಮನೆ ಕೇಳಿದೆ. ಹೌದು, ತಂಗಿಯ ಮನೆಗೆ ಹೋಗಿ ಬಹಳ ದಿನವಾಯಿತು, ನಮ್ಮ ಗಿಡದ್ದೇ ನಾಲ್ಕು ಕಾಯಿ ಒಯ್ದು ಮಾತಾಡಿಸಿ ಬರಬೇಕೆಂದಿದೆ ಎಂದರು. ನಾನು ಅವರ ಕೈಯಿಂದ ಚೀಲವನ್ನು ಮರಳಿ ಇಸಿದುಕೊಂಡು ತಕ್ಕಡಿಯ ಪಕ್ಕ ಇಟ್ಟೆ.

"ಗೊಬ್ಬರ ಇಲ್ಲೇ ಇರಲಿ ಗೌಡ್ರ, ಎಲ್ಲಿಗೂ ಹೋಗಂಗಿಲ್ಲ," ಎಂದೆ. "ಮೊದಲ ತಂಗಿ ಮನಿಗೆ ಹೋಗಿ ಬರ್ರಿ. ಹೊಳ್ಳಿ ಬರೂ ಮುಂದ ಒಯ್ಯೀರಂತ."